ತಳದಲ್ಲಿ ಕೂತರೆ ಕಾಣದ ಅಲೆ

2024 ಫೆಬ್ರುವರಿ 18, ಭಾನುವಾರ
ಕೆಮ್ಮಣ್ಣು ಹತ್ತಿರದ ಕುದ್ರು, ಉಡುಪಿ

ರಾತ್ರಿ ಹತ್ತೂವರೆ. ಅಕ್ಕನ ಮನೆ ಜಗಲಿಯಲ್ಲಿ ಕೂತಿದ್ದೇನೆ. ಮೊನ್ನೆ ಭಾವನಿಗೆ ಕೊಟ್ಟ ಅಲೆಯ ಗ್ರಾಫನ್ನು ಇವತ್ತು ವಾಪಸ್ ಕೇಳಿದೆ. ಅದು ತಪ್ಪು ಅಂತ ಹೇಳುವುದು ಕಷ್ಟವಾಯಿತು, ಆದರೆ ಹೇಳದೆ ಬಿಟ್ಟಿದ್ದರೆ ಬೋಟಿನವರಿಗೆ ಅನ್ಯಾಯ ಆಗುತ್ತಿತ್ತು.

ಸುವರ್ಣಾ ನದಿ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಒಳಗೆ ಈ ಕುದ್ರು, ಅಂದರೆ ಹೊಳೆ ನಡುವಿನ ದ್ವೀಪ. ಮೂರು ವರ್ಷದಲ್ಲಿ ದಂಡೆ ಕುಸಿದು ಭಾವನ ನಾಲ್ಕು ತೆಂಗಿನಮರ ನೀರಿಗೆ ಬಿದ್ದವು. ಬೋಟಿನ ಅಲೆಯಿಂದಲೇ ಅಂತ ಭಾವ, ಗಾಳಿಯ ಅಲೆಯಿಂದ ಅಂತ ಬೋಟಿನವರು. ನಾನು ಅಲೆ ಅಳೆಯುವುದನ್ನು ಓದಿದವನು, ಹಾಗಾಗಿ ನೀನೇ ಅಳೆದು ಹೇಳು ಅಂದರು.

ಮಂಗಳವಾರ ನೀರಿನ ಒತ್ತಡ ಅಳೆದು ತಾನೇ ದಾಖಲಿಸಿಕೊಳ್ಳುವ ಒಂದು ಲಾಗರನ್ನು ಕೆಂಪುಕಲ್ಲಿಗೆ ಕಟ್ಟಿ, ಒಂದೂವರೆ ಮೀಟರ್ ಆಳದಲ್ಲಿ ತಳಕ್ಕೆ ಇಳಿಸಿದೆ. ಮೂರು ದಿನ ಬಿಟ್ಟು ತೆಗೆದರೆ ಬೋಟ್ ಹೋದಾಗಲೆಲ್ಲ ಗ್ರಾಫ್ ಎದ್ದು ಕುಣಿದಿದೆ, ಉಳಿದ ಹೊತ್ತು ಹೆಚ್ಚುಕಡಿಮೆ ಸಪಾಟು. "ಬೋಟಿನದ್ದೇ ಅಲ್ವಾ? ನಾನು ಆವತ್ತೇ ಹೇಳಿದ್ದೆ" ಅಂತ ಭಾವ ಅದನ್ನು ಪಂಚಾಯತ್ ಸಭೆಗೆ ಅಂತ ಎತ್ತಿಟ್ಟರು.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಲಾಗರಿನ ಗುರುತಿಗೆ ನೆಟ್ಟಿದ್ದ ಗಳವನ್ನು ಕೀಳಲು ನೀರಿಗೆ ಇಳಿದಿದ್ದೆ. ಒಂದು ಗಂಟೆಯ ಮೇಲೆ ಇಲ್ಲಿ ಕಡಲಗಾಳಿ ಏಳುತ್ತದೆ, ಈ ತಿಂಗಳಲ್ಲಿ ದಿನಾ ಹಾಗೆಯೇ, ವಾಯುವ್ಯದಿಂದ, ಆ ದಿಕ್ಕಿಗೆ ಸುಮಾರು ಒಂದು ಕಿಲೋಮೀಟರ್ ಬಯಲು ನೀರು ಉಂಟು. ಗೇಣಿಗಿಂತ ಸಣ್ಣ ಅಲೆಗಳು ಒಂದೇ ಸಮನೆ ಎದೆಗೆ ಬಡಿಯುತ್ತಿದ್ದವು. ಸೆಕೆಂಡಿಗೊಂದು. ಅಲ್ಲೇ ನಿಂತು ಯೋಚಿಸಿದೆ: ಮೂರೂ ದಿನ ಈ ಹೊತ್ತಿನಲ್ಲಿ ಗ್ರಾಫ್ ಸಪಾಟಾಗಿತ್ತಲ್ಲ?

ಮನೆಗೆ ಬಂದು ಲೆಕ್ಕ ಹಾಕಿದೆ. ಮೇಲೆ ಅಲೆ ಏರಿಳಿದಷ್ಟೂ ಒತ್ತಡ ತಳಕ್ಕೆ ಮುಟ್ಟುವುದಿಲ್ಲ. ಎಷ್ಟು ಮುಟ್ಟುತ್ತದೆ ಅನ್ನುವುದು ಅಲೆಯ ಉದ್ದ ಮತ್ತು ನೀರಿನ ಆಳದ ಮೇಲೆ ನಿಂತಿದೆ. ಹೊರಗಿನ ಕಡಲಿನಿಂದ 12 ಸೆಕೆಂಡಿಗೊಂದರಂತೆ ಬರುವ ದೊಡ್ಡ ಅಲೆಯಾದರೆ ಒಂದೂವರೆ ಮೀಟರ್ ಆಳದಲ್ಲಿ ನೂರಕ್ಕೆ 98 ಪಾಲು ಸಿಗುತ್ತದೆ. ಬೋಟ್ ಎಬ್ಬಿಸುವ ಎರಡು ಸೆಕೆಂಡಿನ ಅಲೆಯಾದರೆ 38 ಪಾಲು. ಗಾಳಿಯ ಈ 1.1 ಸೆಕೆಂಡಿನ ಅಲೆ? 73ರಲ್ಲಿ ಒಂದು ಪಾಲು! 10 ಸೆಂಟಿಮೀಟರ್ ಎತ್ತರದ ಅಲೆ ತಳದಲ್ಲಿ ಒಂದೂವರೆ ಮಿಲಿಮೀಟರ್ ನೀರಿನಷ್ಟೂ ಒತ್ತಡ ತೋರಿಸುವುದಿಲ್ಲ. ಲಾಗರಿನ ಸ್ವಂತ ಗಲಾಟೆಯೇ (ಅಲೆ ಇಲ್ಲದಿದ್ದರೂ ಅದರ ಓದಿನಲ್ಲಿ ಬರುವ ಏರಿಳಿತ) ಅದಕ್ಕಿಂತ ಜಾಸ್ತಿ. ಬಂದದ್ದನ್ನು 73ರಿಂದ ಗುಣಿಸಿದರಾಯಿತು ಅಂತ ಅನಿಸಬಹುದು, ಆದರೆ ಆಗ ಗಲಾಟೆಯೂ 73 ಪಟ್ಟು ಆಗುತ್ತದೆ, ಕೊನೆಗೆ ಸಿಗುವುದು ಅಲೆಯೇ ಅಲ್ಲ.

ಅಂದರೆ ನನ್ನ ಲಾಗರಿಗೆ ಬೋಟ್ ಮಾತ್ರ ಕಾಣುತ್ತಿತ್ತು, ಗಾಳಿ ಕಾಣುತ್ತಲೇ ಇರಲಿಲ್ಲ. ಕಾಣದ್ದನ್ನು ನಾನು ಇಲ್ಲ ಅಂತ ಬರೆದುಕೊಟ್ಟಿದ್ದೆ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಲೇಕ್ ಜಾರ್ಜ್ ಅಂತ ಒಂದು ಕೆರೆ ಉಂಟು, 1990ರ ದಶಕದಲ್ಲಿ 20 ಕಿಲೋಮೀಟರ್ ಉದ್ದ ಇದ್ದರೂ ಆಳ ಎರಡು ಮೀಟರಿನ ಹತ್ತಿರ ಇತ್ತು. ಆಳವಿಲ್ಲದ ನೀರಿನಲ್ಲಿ ಗಾಳಿ ಅಲೆ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಯಂಗ್ ಮತ್ತು ವರ್ಹಾಗೆನ್ ಅನ್ನುವ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಲೆಕ್ಕ ಅಲ್ಲಿಯದ್ದು. ಅವರು ಗಾಳಿಯ ದಿಕ್ಕಿಗೆ ಸಾಲಾಗಿ ಕಂಬ ನಿಲ್ಲಿಸಿ, ನೀರಿನ ಮೇಲ್ಮೈಯನ್ನೇ ಅಳೆದಿದ್ದರು. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಕೈಗೆ ಸುಲಭಕ್ಕೆ ಸಿಕ್ಕಿತು ಅಂತ ಲಾಗರ್ ಇಳಿಸಿದೆ.

ನಿನ್ನೆ ರಾತ್ರಿಯೇ ನೀರಿನ ಮೇಲ್ಮೈಯನ್ನೇ ಅಳೆಯುವ ಹೊಸ ಕೋಲು ಕಟ್ಟಿದೆ. ಪಿವಿಸಿ ಪೈಪು, ಅದರ ಉದ್ದಕ್ಕೆ ಟೆಫ್ಲಾನ್ ಹೊದಿಕೆಯ ತಂತಿ. ಒಳಗಿನ ತಾಮ್ರ ಒಂದು ಕಡೆ, ಹೊರಗಿನ ನೀರು ಇನ್ನೊಂದು ಕಡೆ, ಮಧ್ಯೆ ಟೆಫ್ಲಾನ್. ಇದೇ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಧನ. ತಂತಿ ಎಷ್ಟು ಮುಳುಗುತ್ತದೋ ಅಷ್ಟು ಅದರ ಹಿಡಿದಿಡುವ ಸಾಮರ್ಥ್ಯ ಏರುತ್ತದೆ. ತುದಿಯಲ್ಲಿ ನೀರು ನುಗ್ಗಿದರೆ ಎಲ್ಲ ಹಾಳು, ಅದಕ್ಕೆ ತಂತಿಯನ್ನು ಕೆಳಗೆ ಮಡಚಿ ಎರಡೂ ತುದಿ ಮೇಲಕ್ಕೆ ತಂದೆ. ಹೊದಿಕೆ ಇಲ್ಲದ ಎರಡು ತಂತಿ ಹಾಕಿ ರೆಸಿಸ್ಟೆನ್ಸ್ (ವಿದ್ಯುತ್ ಹರಿಯಲು ನೀರು ಒಡ್ಡುವ ತಡೆ) ಅಳೆಯುವ ಕ್ರಮವೂ ಉಂಟು, ಆದರೆ ನಮ್ಮ ಹೊಳೆ ಭರತದಲ್ಲಿ ಉಪ್ಪು, ಇಳಿತದಲ್ಲಿ ಸಪ್ಪೆ, ಆ ಲೆಕ್ಕ ಗಂಟೆಗಂಟೆಗೂ ತಪ್ಪುತ್ತದೆ. ಹೊಳೆ ನೀರನ್ನೇ ಡ್ರಮ್ಮಿಗೆ ತುಂಬಿಸಿ, ಐದೈದು ಸೆಂಟಿಮೀಟರ್ ಮುಳುಗಿಸಿ ನೋಡಿದೆ. ನೇರ ಗೆರೆ ಬಂತು. ಎಷ್ಟು ಸಮಾಧಾನ ಆಯಿತು!

ಇವತ್ತು ಮಧ್ಯಾಹ್ನ ಸೆಕೆಂಡಿಗೆ 10 ಸಲ ಓದುವ ಹಾಗೆ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟೆ. ಪಕ್ಕದಲ್ಲಿ ಕಪ್ಪು-ಬಿಳಿ ಪಟ್ಟಿ ಬಳಿದ ಗಳ, ಅದಕ್ಕೆ ಮೊಬೈಲಿನಲ್ಲಿ ವಿಡಿಯೋ. ರಥಸಪ್ತಮಿ ಕಳೆದು ಎರಡೇ ದಿನ, ಅರ್ಧಚಂದ್ರನ ಹೊತ್ತು, ಹಾಗಾಗಿ ಭರತ-ಇಳಿತ ಜಾಸ್ತಿ ಇರಲಿಲ್ಲ, ಅದನ್ನು ಕಳೆಯುವುದು ಸುಲಭವಾಯಿತು. ಉಳಿದ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) ತೆಗೆದು, ಅಲೆಯ ಎತ್ತರ ತಿಳಿಯಲು ನಾಲ್ಕರಿಂದ ಗುಣಿಸಿದೆ: 10 ಸೆಂಟಿಮೀಟರ್. ಗಾಳಿ ಅಲೆಯೇ, ಒಟ್ಟು ಐದು ಗಂಟೆಗಳ ಕಾಲ. ಸೆಕೆಂಡಿಗೆ ಹತ್ತಿರ ಹತ್ತಿರ ಒಂದರಂತೆ, 16 ಸಾವಿರ ಏಟು.

ಬೋಟಿನದ್ದು ಬೇರೆಯೇ ಕಾಣುತ್ತದೆ. ಮೊದಲು ಉದ್ದದ ಅಲೆ, ಹಿಂದಿನಿಂದ ಗಿಡ್ಡದ್ದು, ಒಂದು ನಿಮಿಷದೊಳಗೆ ಮುಗಿಯಿತು. ಎತ್ತರ ಗಾಳಿ ಅಲೆಯ ಎರಡರಷ್ಟು. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಅದೂ ಸುಮ್ನೆ ಬಿಡುವ ಮಾತಲ್ಲ. ಯಾವುದು ದಂಡೆಯನ್ನು ಜಾಸ್ತಿ ಕೊರೆಯುತ್ತದೆ ಅಂತ ಒಂದು ದಿನದ ಲೆಕ್ಕದಿಂದ ನಾನು ಹೇಳುವುದಿಲ್ಲ.

ಭಾವ ಎಲ್ಲ ಕೇಳಿ, ಒಳಗೆ ಹೋಗಿ ಗ್ರಾಫ್ ತಂದು ಕೊಟ್ಟರು. "ಹಾಗಾದ್ರೆ ಸಭೆಯಲ್ಲಿ ಎಂತ ಹೇಳುದು ಮಾರಾಯ?"

"ಒಂದು ತಿಂಗಳು ಅಳೆಯುವಾ ಭಾವ. ಬೋಟಿನವರನ್ನೂ ಕರೆದು ತೋರಿಸುವಾ."

ಸ್ವಲ್ಪ ಹೊತ್ತು ಹೊಳೆ ಕಡೆ ನೋಡಿದರು. ಆಮೇಲೆ, ಕೋಲಿಗೆ ರಾತ್ರಿ ದೋಣಿ ತಾಗೀತು, ಮೇಲೊಂದು ಕೆಂಪು ಬಟ್ಟೆ ಕಟ್ಟುವಾ ಅಂತ ಟಾರ್ಚ್ ಹುಡುಕಲು ಹೋದರು. ನಾಳೆ ಬೆಳಗ್ಗೆ ನಾನು ತಂತಿ ಒರೆಸಬೇಕು. ಒಂದೇ ದಿನಕ್ಕೆ ಲೋಳೆ ಹಿಡಿಯಲು ಶುರುವಾಗಿದೆ.