ಲಂಡನ್ನಿನ ಕ್ರೌಚ್ ಎಂಡ್: ಹಳಿ ಇದ್ದ ದಾರಿಯಲ್ಲಿ ಒಂದು ನಡಿಗೆ

ಲಂಡನ್ನಿಗೆ ಬಂದವರು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಕ್ರೌಚ್ ಎಂಡ್‌ನ ಹಳೇ ರೈಲ್ವೆ ಸ್ಟೇಷನ್ ನೋಡಿ ಬನ್ನಿ. ಟಿಕೆಟ್ ಏನೂ ಇಲ್ಲ. ಟ್ಯೂಬ್‌ನ (ಲಂಡನ್ನಿನ ಮೆಟ್ರೋ ರೈಲು) ವಿಕ್ಟೋರಿಯಾ ಅಥವಾ ಪಿಕಡಿಲಿ ಲೈನ್ ಹಿಡಿದು ಫಿನ್ಸ್‌ಬರಿ ಪಾರ್ಕ್‌ನಲ್ಲಿ ಇಳಿಯಿರಿ. ಪಾರ್ಕಿನ ಅಂಚಿನ ಕಾಲುಸೇತುವೆ ದಾಟಿದರೆ ಪಾರ್ಕ್‌ಲ್ಯಾಂಡ್ ವಾಕ್ ಶುರು, ಹಳೇ ರೈಲು ಹಳಿ ಇದ್ದ ಜಾಗದ ಕಾಲುದಾರಿ ಇದು. ಹೈಗೇಟ್‌ವರೆಗೆ 3-4 ಕಿ.ಮೀ. ನಡಿಗೆ.

ನಾವು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ದಾರಿ ಸಪಾಟಾಗಿ ಕಾಣುತ್ತದೆ, ಆದರೆ ಹೈಗೇಟ್ ಕಡೆಗೆ ಏರು. ಅಮ್ಮ ಎರಡು ಸಲ ಕೂತು ಸುಧಾರಿಸಿಕೊಂಡರು. ಹಿರಿಯರು ಜೊತೆಗಿದ್ದರೆ ಹೈಗೇಟ್‌ನಿಂದ ಶುರು ಮಾಡಿ, ಇಳಿಜಾರು ಸಿಗುತ್ತದೆ. ಮಳೆ ಬಿದ್ದ ಮೇಲೆ ಕೆಸರು ಜಾಸ್ತಿ, ಗಟ್ಟಿ ಶೂ ಬೇಕು. ದಾರಿಯಲ್ಲಿ ಟಾಯ್ಲೆಟ್ ಇಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಬೆಳಿಗ್ಗೆಯೇ ಹೋಗಿ.

ಸ್ಟೇಷನ್ ಬಂದಾಗ ನೀವು ನಿಂತಿರುವುದು ಹಳಿ ಇದ್ದ ಜಾಗದಲ್ಲೇ. ಎರಡೂ ಕಡೆ ಪ್ಲಾಟ್‌ಫಾರ್ಮ್ ಹಾಗೇ ಉಳಿದಿದೆ. ಅಂಚಿನ ಮೇಲೆ ಪಾಚಿ, ಹಿಂದೆ ಮರಗಳು. ಅಲ್ಲೇ ಕೂತು ಚಪಾತಿ ತಿಂದೆವು.

1867ರಲ್ಲಿ ಈ ಲೈನ್ ಶುರುವಾಯಿತು. ನಗರದಲ್ಲಿ ಕೆಲಸ ಮಾಡುವವರು ಉಗಿ ರೈಲಿನಲ್ಲಿ ಇಲ್ಲಿಂದ ದಿನಾ ಓಡಾಡುತ್ತಿದ್ದರು. 1935ರಲ್ಲಿ ಇದಕ್ಕೆ ವಿದ್ಯುತ್ ಹಾಕಿ ಟ್ಯೂಬ್‌ನ ನಾರ್ದರ್ನ್ ಲೈನಿಗೆ ಸೇರಿಸುವ ಯೋಜನೆ ಬಂತು. ಕೆಲಸವೂ ನಡೆಯಿತು. ಅಷ್ಟರಲ್ಲಿ ಯುದ್ಧ. 1941ರಲ್ಲಿ ಹೈಗೇಟ್‌ನಲ್ಲಿ ನೆಲದಡಿಯ ಟ್ಯೂಬ್ ಸ್ಟೇಷನ್ ತೆರೆಯಿತು, ಜನ ಅತ್ತ ಹೊರಳಿದರು. ಯುದ್ಧ ಮುಗಿದ ಮೇಲೂ ಯೋಜನೆ ಕೈಗೂಡಲಿಲ್ಲ. 1951ರ ಕೊನೆಗೆ ಕಲ್ಲಿದ್ದಲು ಸಾಲದೆ ರೈಲು ಕೆಲವು ವಾರ ನಿಂತೇ ಹೋಗಿತ್ತು. 1954ರ ಜುಲೈ 3ರಂದು ಪ್ರಯಾಣಿಕರ ಕೊನೆಯ ರೈಲು ಓಡಿತು. ನನಗೆ ಬೇಜಾರಾಗುವುದು ಇದಕ್ಕೇ: ಇನ್ನೇನು ಟ್ಯೂಬ್ ಸ್ಟೇಷನ್ ಆಗಬೇಕಿದ್ದ ಜಾಗ ಇದು. ಆಮೇಲೂ 1970ರವರೆಗೆ ಟ್ಯೂಬ್‌ನ ಖಾಲಿ ಬೋಗಿಗಳನ್ನು ಈ ಹಳಿಯ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ನಂತರ ಹಳಿ ಕಿತ್ತರು.

ಫಿನ್ಸ್‌ಬರಿ ಪಾರ್ಕ್ ಕಡೆಯಿಂದ ಬರುವವರು ಸ್ಟೇಷನ್ನಿಗೆ ಸ್ವಲ್ಪ ಮೊದಲು ಇಟ್ಟಿಗೆ ಕಮಾನುಗಳತ್ತ ಕತ್ತೆತ್ತಿ ನೋಡಿ. ಗೋಡೆಯೊಳಗಿಂದ ಒಂದು ವಿಚಿತ್ರ ಆಕೃತಿ ಹೊರಗೆ ಬರುತ್ತಿರುತ್ತದೆ, ಅದೊಂದು ಶಿಲ್ಪ. ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಹೈಗೇಟ್ ತುದಿಯಲ್ಲಿ ಹಳೇ ಸುರಂಗಗಳಿವೆ. ಬಾವಲಿಗಳು ಇರುವುದರಿಂದ ಒಳಗೆ ಬಿಡುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ. ಹೋಮ್ಸ್‌ಡೇಲ್ ರಸ್ತೆಗೆ ಹತ್ತಿದರೆ ಆರ್ಚ್‌ವೇ ರಸ್ತೆ ಸಿಗುತ್ತದೆ. ಹೈಗೇಟ್ ಟ್ಯೂಬ್ ಅಲ್ಲೇ ಹತ್ತಿರ.