ಮುಳ್ಳುಪೊದೆಯ ಮಡಿಲಲ್ಲಿ

ಒಂದು ಕಾಲಕ್ಕೆ ಕಾಡಾಗಿದ್ದ, ಬೆಟ್ಟದ ಮೇಲಿನ ಆ ಸವೆದ ಹುಲ್ಲುಗಾವಲಿನಲ್ಲಿ ಮತ್ತೆ ಕಾಡು ಬೆಳೆಸಲೆಂದು ನಾನು ಮೊದಲ ವರ್ಷ ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಬೇಸಿಗೆ ದಾಟಲಿಲ್ಲ. ದನಗಳ ಗೊರಸು ತುಳಿದು ತುಳಿದು ಗಟ್ಟಿಯಾದ ಮಣ್ಣು. ಮಳೆನೀರು ಇಂಗದೆ ಹರಿದುಹೋಗುತ್ತಿತ್ತು.

ಬದುಕಿದ್ದು ಎಲ್ಲಿ ಎಂದು ಕುಳಿತು ನೋಡಿದೆ: ಮುಳ್ಳುಪೊದೆಗಳ ಮಗ್ಗುಲಲ್ಲಿ. ನಾನೇ ಸವರಿಹಾಕಬೇಕೆಂದಿದ್ದ ಪೊದೆಗಳು ಗಾಳಿ, ಬಿಸಿಲು, ಮೇಕೆಯ ಬಾಯಿ ಮೂರರಿಂದಲೂ ಸಸಿಯನ್ನು ಕಾಯುತ್ತಿದ್ದವು. ಈಗ ಅವುಗಳ ಬುಡದಲ್ಲೇ ನೆಡುತ್ತೇನೆ. ಅದೇ ಎತ್ತರದಲ್ಲಿ ಉಳಿದಿರುವ ಹಳೆಯ ಮರಗಳಿಂದಲೇ ಬೀಜ ಆರಿಸುತ್ತೇನೆ. ಗುಂಡಿಗೆ ಆ ಮರಗಳ ಬುಡದ ಒಂದು ಹಿಡಿ ಮಣ್ಣನ್ನೂ ಹಾಕುತ್ತೇನೆ, ಬೇರಿಗೆ ಬೇಕಾದ ಶಿಲೀಂಧ್ರ ಅದರಲ್ಲಿರುತ್ತದೆ. ಬೇಗ ಹಸಿರಾಗಲಿ ಎಂದು ಹೊರಗಿನ ಜಾತಿಗಳನ್ನು ನೆಡುವುದನ್ನು ಕಂಡರೆ ಸಂಕಟವಾಗುತ್ತದೆ. ಮೊದಲಿನಿಂದಲೂ ಹುಲ್ಲೇ ಇದ್ದ ಇಳಿಜಾರನ್ನು ಮಾತ್ರ ಮುಟ್ಟುವುದಿಲ್ಲ. ಅದು ಹಾಳಾದ ಕಾಡಲ್ಲ.

ನಿನ್ನೆ ಬೇಲಿಯೊಳಗೆ ನಾನು ನೆಡದ ಎರಡು ಎಳೆಯ ಸಸಿಗಳನ್ನು ಕಂಡೆ. ಹಕ್ಕಿ ತಂದ ಬೀಜವಿರಬೇಕು.