ವಾಚ್ ಬಿಚ್ಚಿಟ್ಟು ಗಣಿಗೆ ಇಳಿದೆವು

ಊರಿಂದ ಯಾರೇ ಬಂದರೂ ಕಾರ್ಡಿಫ್‌ನ ಕೋಟೆ, ಕಡಲು ಅಂತ ಸುತ್ತಿಸಿ ನಮಗೇ ಸಾಕಾಗಿತ್ತು. ಹೋದ ಶನಿವಾರ ನಾವು ಮೂವರೇ ಬ್ಲೈನಾವನ್‌ಗೆ ಹೊರಟೆವು. ದಕ್ಷಿಣ ವೇಲ್ಸ್‌ನ ಬೆಟ್ಟದ ಮೇಲಿರುವ ಹಳೇ ಕಲ್ಲಿದ್ದಲಿನ ಊರು. 2000ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ನ್ಯೂಪೋರ್ಟ್‌ನಿಂದ ಬಸ್ಸಿದೆ. ಮಳೆ ಹೇಗೂ ಜೊತೆಗೇ ಬರುತ್ತದೆ.

ಅಲ್ಲಿನ 'ಬಿಗ್ ಪಿಟ್' ಗಣಿ 1980ರಲ್ಲಿ ಮುಚ್ಚಿತು. 1983ರಿಂದ ಜನ ಇಳಿದು ನೋಡಬಹುದು. ಇಳಿಯುವ ಮೊದಲು ಫೋನ್, ವಾಚ್, ಕಾರಿನ ರಿಮೋಟ್, ಹೀಗೆ ಬ್ಯಾಟರಿ ಇರುವುದನ್ನೆಲ್ಲ ಮೇಲೆಯೇ ಕೊಟ್ಟುಬಿಡಬೇಕು. ಸುಮ್ನೆ ಪ್ರವಾಸಿಗರಿಗೆ ಆಡುವ ನಾಟಕ ಅಂದುಕೊಂಡೆ. ಅಲ್ಲವಂತೆ. ಕಲ್ಲಿದ್ದಲಿನಿಂದ ಮೀಥೇನ್ ಹೊರಬರುತ್ತದೆ, ಒಂದು ಕಿಡಿ ಸಾಕು. ಇಲ್ಲಿ ಈಗಲೂ ಗಣಿಯ ಕಾನೂನೇ ನಡೆಯುತ್ತದೆ.

ಹೆಲ್ಮೆಟ್, ಹಣೆಯ ಮೇಲೆ ದೀಪ, ಸೊಂಟಕ್ಕೆ ಅದರ ಭಾರದ ಬ್ಯಾಟರಿ, ಇದು ಕಿಡಿ ಹಾರದಂತೆ ಗಣಿಗೆಂದೇ ಮಾಡಿದ್ದು. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, 90 ಮೀಟರ್ ಕೆಳಗೆ. ನಮ್ಮ ಗೈಡ್ ಗಣಿಯಲ್ಲೇ ದುಡಿದವರು. ಎಲ್ಲರಿಗೂ 'ಬಟ್' ಅನ್ನುತ್ತಿದ್ದರು. ಈ ಕಡೆ ಅದು 'ಗೆಳೆಯಾ' ಅಂದ ಹಾಗೆ.

ಒಂದು ಮರದ ಬಾಗಿಲ ಹತ್ತಿರ ನಿಲ್ಲಿಸಿ ದೀಪ ಆರಿಸಿ ಅಂದರು. ಕಣ್ಣು ಮುಚ್ಚಿದರೂ ಅದೇ, ಬಿಟ್ಟರೂ ಅದೇ. ಗಾಳಿ ಅಡ್ಡದಾರಿ ಹಿಡಿಯದೆ ಗಣಿಯ ಮೂಲೆಮೂಲೆಗೂ ಹೋಗಲಿ ಅಂತ ಇಂಥ ಬಾಗಿಲುಗಳು. ಹಿಂದೆ ಇದನ್ನು ಕಾಯುತ್ತಿದ್ದದ್ದು ಮಕ್ಕಳು. ಬಂಡಿ ಬಂದಾಗ ತೆಗೆಯುವುದು, ಹೋದ ಮೇಲೆ ಮುಚ್ಚುವುದು, ದಿನವೆಲ್ಲ ಅಷ್ಟೇ. 10 ವರ್ಷದೊಳಗಿನ ಹುಡುಗರು, ಯಾವ ವಯಸ್ಸಿನ ಹೆಂಗಸರೂ ಗಣಿಯೊಳಗೆ ದುಡಿಯಕೂಡದು ಅಂತ ಕಾನೂನು ಬಂದದ್ದು 1842ರಲ್ಲಿ. ಮಗಳು ನನ್ನ ಕೈ ಬಿಡಲಿಲ್ಲ. ಅವಳಿಗೆ ಎಂಟು ವರ್ಷ.

ಮುಂದೆ, ಗಣಿಯೊಳಗೆ ಬಂಡಿ ಎಳೆಯುತ್ತಿದ್ದ ಕುದುರೆಗಳ ಲಾಯ. ಒಂದೊಂದು ಕುದುರೆಯ ಹೆಸರೂ ಹಲಗೆಯ ಮೇಲಿದೆ.

ಮೇಲೆ ಬಂದರೆ 1939ರ ಸ್ನಾನಗೃಹ. ಕೆಲಸದ ಬಟ್ಟೆಗೆ ಒಂದು ಕಡೆ ಲಾಕರ್, ಮನೆಯ ಬಟ್ಟೆಗೆ ಇನ್ನೊಂದು ಕಡೆ, ನಡುವೆ ಷವರ್. ಮಡಿ-ಮೈಲಿಗೆ ನಮ್ಮಜ್ಜಿಗೂ ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತಿರಲಿಲ್ಲ! ಅದಕ್ಕೂ ಮೊದಲು ಗಂಡಸರು ಮಸಿ ಮೈಯಲ್ಲೇ ಮನೆಗೆ ಬರುತ್ತಿದ್ದರು. ನೀರು ಕಾಯಿಸಿ, ತಗಡಿನ ತೊಟ್ಟಿ ತುಂಬಿಸಿ, ಆಮೇಲೆ ನೆಲ ಒರೆಸುವುದು ಹೆಂಗಸರ ಪಾಲು. ಷವರ್ ಬಂದು ಜಾಸ್ತಿ ಸುಖ ಸಿಕ್ಕಿದ್ದು ಅವರಿಗೇ ಅನ್ನಿಸಿತು.

ಊರಿನ ಇನ್ನೊಂದು ಕಡೆ 1789ರ ಕಬ್ಬಿಣದ ಕಾರ್ಖಾನೆ ಪಾಳುಬಿದ್ದು ನಿಂತಿದೆ. ಅಲ್ಲೊಂದು ಎತ್ತರದ ಕಲ್ಲಿನ ಗೋಪುರ. ಆಗ ಒಂದು ಕಡೆ ತೊಟ್ಟಿಗೆ ನೀರು ತುಂಬಿದರೆ ಅದು ಕೆಳಗಿಳಿಯುತ್ತಿತ್ತು, ಇನ್ನೊಂದು ಕಡೆ ಬಂಡಿ ಮೇಲೇರುತ್ತಿತ್ತು. ನಮ್ಮ ಏತದ ಲೆಕ್ಕವೇ ಅಲ್ವಾ? ಮಳೆ ಜೋರಾಯಿತು, ಪೂರ್ತಿ ನೋಡಲಾಗಲಿಲ್ಲ.

ರಾತ್ರಿ ಕೋಲಾರಕ್ಕೆ ಫೋನ್ ಮಾಡಿದೆ. ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದರ ಮಾತೇ ಎತ್ತುತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

"ಎಷ್ಟು ಆಳ ಇಳಿದ್ರಮ್ಮ?"

"90 ಮೀಟರ್, ದೊಡ್ಡಪ್ಪ."

ಜೋರಾಗಿ ನಕ್ಕರು. "ಅಷ್ಟರಲ್ಲಿ ನಮ್ಮ ಕೇಜು ಇನ್ನೂ ಸ್ಪೀಡೇ ಹಿಡಿದಿರ್ತಿರಲಿಲ್ಲ!" ಆ ಗಣಿ 3 ಕಿಲೋಮೀಟರಿಗೂ ಆಳ. ಕೆಳಗೆ ಕಲ್ಲು ಮುಟ್ಟಿದರೆ ಎಷ್ಟು ಬಿಸಿ ಅಂತ ಹೇಳತೊಡಗಿದರು. ಅಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು.

"ತಾತ, ನಿಮ್ಮಲ್ಲಿ ಕುದುರೆ ಇತ್ತಾ?"